ಮೇಲಿನ ಹಲಗೆಯ ಬಟ್ಟೆ

ಟಪ್. ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಟಪ್.

ಆಕೆ ಮಲಗಿದಲ್ಲೇ ಕಿವಿಗೊಟ್ಟಳು. ಬಟ್ಟೆ ಒಗೆದು ಬದುಕುವ ಮನೆಯಲ್ಲಿ ನೀರಿನ ಸದ್ದೇನೂ ಹೊಸದಲ್ಲ. ಆದರೆ ಮೂರು ನಲ್ಲಿಗಳನ್ನೂ ತಾನೇ ಬಿಗಿದು, ಒಂದೊಂದನ್ನೂ ಎರಡೆರಡು ಸಲ ಮುಟ್ಟಿ ನೋಡಿ ಮೇಲೆ ಬಂದಿದ್ದಳು. ಹೋಟೆಲಿನ ಹಾಸುಗಳು ಸಂಜೆಯೇ ಒಣಗಿ ಮಡಿಸಿಟ್ಟಾಗಿತ್ತು. ಹಾಗಿದ್ದ ಮೇಲೆ ತೊಟ್ಟಿಕ್ಕುತ್ತಿರುವುದು ಏನು? ಪಕ್ಕದಲ್ಲಿ ಗಂಡನ ಗೊರಕೆ ತನ್ನ ಪಾಡಿಗೆ ಸಾಗಿತ್ತು. ಮನೆಯಲ್ಲಿ ಏನು ಸದ್ದಾದರೂ ಎದ್ದು ಹೋಗಿ ನೋಡುವುದು ತನ್ನ ಪಾಲಿನ ಕೆಲಸ ಎಂದು ಆಕೆ ಮದುವೆಯಾದ ಮೊದಲ ವಾರದಲ್ಲೇ ಒಪ್ಪಿಕೊಂಡುಬಿಟ್ಟಿದ್ದಳು.

ಕೆಳಗಿನ ಉದ್ದ ಕೋಣೆಯೇ ಲಾಂಡ್ರಿ. ಬೀದಿಗೆ ಕೌಂಟರು, ನಡುವೆ ಇಸ್ತ್ರಿ ಮೇಜು, ಹಿಂದೆ ತೊಟ್ಟಿಗಳು. ದೀಪ ಹಾಕಿದಳು. ಹಿಂದಿನ ಹಗ್ಗದಲ್ಲಿ ಒಂದೇ ಒಂದು ಬಟ್ಟೆ ಇತ್ತು, ಎರಡಾಳುದ್ದದ ಬಿಳಿ ಹತ್ತಿಯ ಬಟ್ಟೆ. ಅದರ ಅಂಚಿನಿಂದ ಹನಿಯೊಂದು ಇಳಿದು ಕೆಳಗಿನ ಬಕೆಟ್ಟಿಗೆ ಬಿತ್ತು. ಎಂಥ ಬಿಳುಪು! ಈ ಮನೆಯಲ್ಲಿ ಹೀಗೆ ಬೆಳ್ಳಗೆ ಮಾಡುವ ಕೈ ಒಂದೇ, ಅತ್ತೆಯದು. ಮೆಚ್ಚುತ್ತಲೇ ಬಟ್ಟೆಯನ್ನು ಅಗಲಿಸಿದಳು. ನಟ್ಟನಡುವೆ ಕೆಂಪು ದಾರದ ಹೊಲಿಗೆಯೊಂದು ಮೇಲಿಂದ ಕೆಳಗಿನವರೆಗೆ ಇಳಿದಿತ್ತು.

ಆ ಹೊಲಿಗೆಯನ್ನು ಮೊನ್ನೆಯಷ್ಟೇ ಮಗಳು ಬೆರಳಿಟ್ಟು ತೋರಿಸಿದ್ದಳು. "ನೋಡಮ್ಮ, ಗೆರೆಯ ಈ ಕಡೆ ಅವರ ಊರಿನ ಹನ್ನೆರಡು ಕಲೆ. ಆ ಕಡೆ ನಮ್ಮ ಹನ್ನೆರಡು ಹಾಕ್ತೀವಿ. ಆಮೇಲೆ ಒಟ್ಟಿಗೆ ತೂಗುಹಾಕ್ತೀವಿ."

ಮಗಳಿಗೆ ಹದಿನೇಳು. ಬಡಾವಣೆಯ ಸಮುದಾಯ ಭವನದಲ್ಲಿ ವಾರಕ್ಕೆರಡು ಸಂಜೆ ಕಲಾ ತರಗತಿ. ಈ ವರ್ಷ ಅಲ್ಲಿಯ ಮೇಷ್ಟ್ರು ಗಡಿಯಾಚೆಯ ಒಂದು ಬಂದರು ಪಟ್ಟಣದ ಹುಡುಗ ಹುಡುಗಿಯರ ಗುಂಪಿನ ಜೊತೆ ಮಾತಾಡಿ ಒಂದು ಪ್ರದರ್ಶನ ಗೊತ್ತು ಮಾಡಿದ್ದರು. ಆ ಹನ್ನೆರಡು ಮಂದಿ ತಮ್ಮ ತಮ್ಮ ಮನೆಯ ಒಂದೊಂದು ಕಲೆಯನ್ನು ಈ ಬಟ್ಟೆಗೆ ಹತ್ತಿಸಿ ಕಳಿಸಿದ್ದರು. ಚಹಾ, ತುಕ್ಕು, ಶಾಯಿ, ದೋಣಿಯ ಎಣ್ಣೆ, ಹೀಗೆ. ಇನ್ನು ಮೂರು ವಾರಕ್ಕೆ ಅವರೇ ಬರುವವರಿದ್ದರು. ಭವನದ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರೆಂದು ಬಟ್ಟೆಯನ್ನು ಜೋಪಾನ ಮಾಡುವ ಹೊಣೆ ಮಗಳ ಮೇಲೆ ಬಿದ್ದಿತ್ತು.

ಈಗ ಅದರಲ್ಲಿ ಕಲೆ ಎಂಬುದರ ಸುಳಿವೇ ಇರಲಿಲ್ಲ.

ಬೆಳಿಗ್ಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಮೇಜಿನ ಮೇಲೆ ಹಾಗೇ ಉಳಿದವು.

"ಅಜ್ಜಿ, ಯಾರು ಹೇಳಿದ್ರು ನಿನಗೆ ಒಗಿ ಅಂತ?"

"ಯಾರು ಹೇಳ್ಬೇಕು? ಮೇಲಿನ ಹಲಗೆ ಮೇಲಿತ್ತು."

"ಇದ್ರೆ?"

"ಇದ್ರೆ ಅದು ನನ್ನದು. ನೀನು ಹುಟ್ಟೋಕೆ ಮುಂಚಿನಿಂದ ನನ್ನದು. ಬೇರೆ ಯಾರ ಕೈಲೂ ಆಗದ್ದನ್ನ ಅಲ್ಲಿಡ್ತಾರೆ, ನಾನು ತೆಗೀತೀನಿ. ಈ ಮನೆಗೆ ನಿನ್ನೆ ಬಂದವಳಾ ನೀನು?"

"ಅದಕ್ಕೇ ಅಲ್ಲಿಟ್ಟಿದ್ದು ಅಜ್ಜಿ! ನಿನ್ನ ಹಲಗೆಗೆ ಅಪ್ಪನೂ ಕೈ ಹಾಕಲ್ಲ, ಅಮ್ಮನೂ ಕೈ ಹಾಕಲ್ಲ, ಭದ್ರವಾಗಿರುತ್ತೆ ಅಂತ!"

"ಹಾಗಾದ್ರೆ ನನಗೊಂದು ಮಾತು ಹೇಳಬಾರದಿತ್ತಾ? ನನಗೇನು ಕನಸು ಬೀಳುತ್ತಾ? ಹನ್ನೆರಡು ಕಲೆ, ಹನ್ನೆರಡೂ ಬೇರೆ ಬೇರೆ. ನಾನಂದುಕೊಂಡೆ, ಯಾವನೋ ಪರೀಕ್ಷೆ ಮಾಡೋಕೆ ಕಳಿಸಿದ್ದಾನೆ ಅಂತ. ನಿದ್ದೆಗೆಟ್ಟು ತೆಗೆದೆ."

ಗಂಡ ವ್ಯಾನಿನ ಬೀಗದ ಕೈ ಹುಡುಕುತ್ತ ನಕ್ಕುಬಿಟ್ಟ. "ಪರದೇಶದ ಕೊಳೆನ ಒಂದೇ ರಾತ್ರೀಲಿ ತೆಗೆದಿದ್ದಾಳೆ ನಮ್ಮಮ್ಮ. ಅದನ್ನೇ ಪ್ರದರ್ಶನಕ್ಕಿಡಿ."

"ಅಪ್ಪ, ನಗಬೇಡ."

"ಸರಿ, ನಗಲ್ಲ. ಒಂದು ಕೆಲಸ ಮಾಡು. ಚಹಾ ಚೆಲ್ಲು, ತುಕ್ಕು ಉಜ್ಜು, ವ್ಯಾನಿನ ಎಣ್ಣೆ ನಾನು ಕೊಡ್ತೀನಿ. ಮೊದಲಿನ ಬಟ್ಟೆಯ ಫೋಟೋ ಇದೆಯಲ್ಲ, ನೋಡ್ಕೊಂಡು ಹಾಕು. ಯಾರಿಗೆ ಗೊತ್ತಾಗುತ್ತೆ?"

ಮಗಳು ಅಪ್ಪನನ್ನು ದುರುಗುಟ್ಟಿ ನೋಡಿದಳು. "ಅದು ಅವರ ಮನೆ ಚಹಾ ಅಪ್ಪ. ನಮ್ಮನೆ ಚಹಾ ಹಾಕಿ ಅವರದು ಅಂದ್ರೆ ಕಳ್ಳತನ. ನಾನು ಹಾಕಲ್ಲ, ನೀವೂ ಯಾರೂ ಹಾಕಬೇಡಿ."

"ಒಂದು ಹಳೇ ಬಟ್ಟೆಗೆ ಇಷ್ಟೊಂದು ಶಾಸ್ತ್ರ!" ಎಂದು ಅತ್ತೆ ಎದ್ದರು. "ಐವತ್ತು ವರ್ಷದಲ್ಲಿ ಕಲೆ ಉಳಿಸಿದ್ದಕ್ಕೆ ಬೈಸಿಕೊಂಡಿದ್ದೀನಿ. ಕಲೆ ತೆಗೆದಿದ್ದಕ್ಕೆ ಇದೇ ಮೊದಲು."

ಆ ಸಂಜೆ ಆಕೆ ಮಗಳ ಜೊತೆ ಭವನಕ್ಕೆ ಹೋದಳು. ಮೇಷ್ಟ್ರು ಬಟ್ಟೆ ಬಿಡಿಸಿ ಕನ್ನಡಕ ಮೇಲೇರಿಸಿ, ಕೆಳಗಿಳಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುಂಪಿನ ಉಳಿದ ಮಕ್ಕಳು ಆ ಕೆಲಸ ಮಾಡಿದರು. ಬರುವ ಬೇಸಿಗೆಯಲ್ಲಿ ಬಂದರು ಪಟ್ಟಣಕ್ಕೆ ಮರುಭೇಟಿ ಹೋಗುವ ನಾಲ್ವರಲ್ಲಿ ಮಗಳ ಹೆಸರೂ ಇತ್ತು. "ಇವಳು ಯಾವ ಮುಖ ಇಟ್ಕೊಂಡು ಅವರ ಮನೆಗೆ ಹೋಗ್ತಾಳೆ?" ಎಂದು ಒಬ್ಬ ಕೇಳಿಯೇಬಿಟ್ಟ.

ಮೇಷ್ಟ್ರು ಕೈಯೆತ್ತಿ ಸುಮ್ಮನಿರಿಸಿದರು. "ಅದನ್ನ ಅವರೇ ತೀರ್ಮಾನ ಮಾಡಲಿ. ಅವರು ಬಂದ ದಿನ ನೀನೇ ಎದುರು ನಿಂತು ಏನಾಯ್ತೋ ಅದನ್ನ ಹೇಳ್ಬೇಕು. ಆಗುತ್ತಾ?"

"ಆಗುತ್ತೆ ಸರ್," ಎಂದಳು ಮಗಳು. ದನಿ ಗಟ್ಟಿಯಾಗಿತ್ತು. ಬೆನ್ನ ಹಿಂದೆ ಬೆರಳುಗಳು ಒಂದನ್ನೊಂದು ಹಿಚುಕುತ್ತಿದ್ದುದು ತಾಯಿಗೆ ಮಾತ್ರ ಕಂಡಿತು.

ಮನೆಯಲ್ಲಿ ಮಾತು ನಿಂತಿತು. ಮಗಳು ಅಡಿಗೆಮನೆಯಲ್ಲಿ ನಿಂತುಕೊಂಡೇ ಅನ್ನ ಉಂಡು ತಟ್ಟೆ ತೊಳೆದಿಟ್ಟು ಹೋಗುತ್ತಿದ್ದಳು. ಅತ್ತೆ ಬೇಳೆಗೆ ಉಪ್ಪು ಕಮ್ಮಿ ಎಂಬುದನ್ನೂ ಸೊಸೆಯ ಮೂಲಕವೇ ಮೊಮ್ಮಗಳಿಗೆ ತಿಳಿಸುತ್ತಿದ್ದರು. "ಉಪ್ಪಿನ ಡಬ್ಬಿ ಯಾರಾದರೂ ಈ ಕಡೆ ತಳ್ಳಿದರೆ ದೊಡ್ಡ ಉಪಕಾರ," ಎಂದು ಗೋಡೆಗೆ ಹೇಳುವುದು. ಡಬ್ಬಿ ಸರಿದು ಬರುವುದು, ಮಾತಿಲ್ಲದೆ.

ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ಅತ್ತೆ ಕಲೆ ತೆಗೆಯುವುದನ್ನೇ ಬಿಟ್ಟುಬಿಟ್ಟರು. ಮೇಲಿನ ಹಲಗೆಯಲ್ಲಿ ಬಟ್ಟೆ ಏರುತ್ತ ಹೋಯಿತು. ಬೀದಿ ತುದಿಯ ಊಟದ ಹೋಟೆಲಿನ ಮಾಲೀಕ ತನ್ನ ಮೇಜುಬಟ್ಟೆಗಳಿಗಾಗಿ ಎರಡನೇ ಸಲ ಬಂದು ಕೌಂಟರ್ ತಟ್ಟಿದ.

"ಅಮ್ಮಾವ್ರೇ, ನನ್ನ ಗಿರಾಕಿಗಳು ಬರೀ ಹಲಗೆ ಮೇಲೆ ಊಟ ಮಾಡಬೇಕಾ?"

ಅತ್ತೆ ಒಳಗಿನಿಂದಲೇ ಕೂಗಿದರು. "ಹಾಗೇ ಹಾಸಪ್ಪ. ಈಗ ಕಲೆಗೇ ಮರ್ಯಾದೆ ಕಾಲ. ಟಿಕೆಟ್ ಇಟ್ಟು ತೋರಿಸು."

"ಅಮ್ಮ, ಗಿರಾಕಿ ಹೋಗ್ತಾನೆ," ಎಂದ ಗಂಡ.

"ಹೋಗಲಿ. ಹಿಂದೆ ಮುಂದೆ ನೋಡದೆ ತೆಗೆದ್ರೆ ಅದೂ ಯಾರದ್ದೋ ಚಿತ್ರ ಆಗಿರುತ್ತೆ. ನನಗ್ಯಾಕೆ?"

ಹೀಗೆ ಹನ್ನೊಂದು ದಿನ. ಆಕೆ ಇಬ್ಬರ ನಡುವೆ ಓಡಾಡುತ್ತ, ಇವರ ಮುಖ ಅವರ ಮುಖ ನೋಡುತ್ತ, ಏನು ಹೇಳಿದರೆ ಎಲ್ಲಿ ಉರಿಯುತ್ತದೋ ಎಂದು ಪ್ರತಿ ಮಾತನ್ನೂ ತೂಗಿ ಆಡುತ್ತಿದ್ದಳು. ಗಂಡ ಇದನ್ನು ಕಂಡು, "ನೀನೊಬ್ಬಳು ಗಾಜಿನ ಲೋಟ ಹೊತ್ತವಳ ಹಾಗೆ ನಡೀಬೇಡ ಕಣೇ. ಜಗಳ ಅವರದು, ಸುಸ್ತು ನಿನಗೆ," ಎಂದ.

ಹನ್ನೆರಡನೆಯ ದಿನ ಮಧ್ಯಾಹ್ನ ಹೋಟೆಲಿನ ಕರವಸ್ತ್ರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಚೊಕ್ಕ ಬಿಳಿಯಾಗಿದ್ದ ಒಂದರ ಮೇಲೆ ಪೆಟ್ಟಿಗೆ ಆಡಿಸಿದ್ದೇ ತಡ, ನಡುವೆ ಕಂದು ಬಣ್ಣದ ಬಳೆಯೊಂದು ಎದ್ದು ಬಂತು. ಹಣ್ಣಿನ ರಸ. ಈ ಕಸುಬಿನವರೆಲ್ಲ ಹೆದರುವ ಕಲೆ ಅದು. ಒಗೆದಾಗ ಹೋದಂತೆ ಕಾಣುತ್ತದೆ, ನೂಲಿನೊಳಗೆ ಸಕ್ಕರೆ ಉಳಿದಿರುತ್ತದೆ, ಬಿಸಿ ತಾಗಿದರೆ ಹೊರಗೆ ಬರುತ್ತದೆ. ಎಂದಿನಂತೆ ಗೊಣಗಿ ಕರವಸ್ತ್ರವನ್ನು ಪಕ್ಕಕ್ಕೆ ಎಸೆಯಹೋದ ಕೈ ಗಾಳಿಯಲ್ಲೇ ನಿಂತಿತು.

ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಅತ್ತೆಯ ಬಳಿ ಹೋದಳು. ಅತ್ತೆ ಗುಂಡಿ ಹೊಲಿಯುತ್ತಿದ್ದರು.

"ಅತ್ತೆ, ಒಂದು ಕೇಳ್ತೀನಿ, ಬೈಬೇಡಿ. ಆ ಬಟ್ಟೆಗೆ ಇಸ್ತ್ರಿ ಹಾಕಿದ್ರೆ ಏನಾದ್ರೂ ಎದ್ದು ಬರಬಹುದಾ?"

ಅತ್ತೆಯ ಸೂಜಿ ನಿಂತಿತು. "ನನ್ನ ಕೈಲಿ ಒಗೆದದ್ದು ಇಸ್ತ್ರಿಯಲ್ಲಿ ಎದ್ದು ಬಂದದ್ದು ನೋಡಿದ್ದೀಯಾ ನೀನು? ಇಪ್ಪತ್ತು ವರ್ಷ ಆಯ್ತಲ್ಲ ಬಂದು. ಒಂದು ಸಲ?"

"ಇಲ್ಲ."

"ಮತ್ತೆ?"

ಆಕೆ ಅಲ್ಲಿಂದ ಕದಲಲಿಲ್ಲ. ಅದು ಆಕೆಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಅತ್ತೆ ಇನ್ನೆರಡು ಗುಂಡಿ ಹೊಲಿದರು, ಮೂರನೆಯದಕ್ಕೆ ದಾರ ಕಚ್ಚಿ ತುಂಡು ಮಾಡಿದರು.

"ಅವತ್ತು ಮೊಣಕಾಲು ನೋಯ್ತಿತ್ತು," ಎಂದರು, ಮುಖ ಎತ್ತದೆ. "ಕೊನೆಗೆ ಜಾಲಿಸೋ ನೀರು ಎರಡು ಸಲ ಬದಲಾಯಿಸ್ಬೇಕು. ಒಂದೇ ಸಲ ಬದಲಾಯಿಸಿದೆ. ಅವಸರದ ಕೆಲಸ. ನಾಲ್ಕೈದು ಉಳಿದಿದ್ರೂ ಉಳಿದಿರಬಹುದು. ಇದನ್ನ ನಿನ್ನ ಗಂಡನಿಗೆ ಹೇಳ್ಬೇಡ, ಜೀವಮಾನವಿಡೀ ಆಡ್ಕೊಳ್ತಾನೆ."

ಆ ಸಂಜೆ ಅಂಗಡಿ ಬಾಗಿಲು ಬೇಗ ಎಳೆದರು. ಬಟ್ಟೆಯನ್ನು ಇಸ್ತ್ರಿ ಮೇಜಿನ ಮೇಲೆ ಹರಡಿದರು. ಮಗಳು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು, ಹತ್ತಿರ ಬರಲಿಲ್ಲ. ಆಕೆ ಪೆಟ್ಟಿಗೆ ಕಾಯಿಸಿ ಹೊಲಿಗೆಯ ಬಲಬದಿಯಲ್ಲಿ ಮೇಲಿನಿಂದ ಶುರು ಮಾಡಿದಳು. ಮೊದಲ ಕಡೆ ಏನೂ ಇಲ್ಲ.

"ಅಲ್ಲಿ ತುಕ್ಕು ಇತ್ತು, ಅದು ಬರಲ್ಲ," ಎಂದರು ಅತ್ತೆ. "ನಿಂಬೆ ರಸ, ಉಪ್ಪು ಹಾಕಿ ತೆಗೆದೆ. ಬೀಗದ ತುಕ್ಕು. ದೊಡ್ಡ ಬೀಗ. ಕೊಂಡಿಯ ದುಂಡು ಗುರುತು ಹಾಗೇ ಬಿದ್ದಿತ್ತು."

ಮಗಳು ತಲೆಯೆತ್ತಿದಳು.

"ಅದರ ಕೆಳಗೆ ಹಣ್ಣು. ಅಲ್ಲಿ ಒತ್ತು. ನಿಧಾನ."

ಪೆಟ್ಟಿಗೆ ಸರಿಯಿತು. ಬಿಳುಪಿನಲ್ಲಿ ಮಸುಕಾದ ಒಂದು ನೆರಳು, ಮತ್ತೆ ಒತ್ತಿದಾಗ ಕಂದು, ಮತ್ತೆ ಒತ್ತಿದಾಗ ಐದು ಬೆರಳಿನ ಗುರುತು.

"ಬಂತು!" ಮಗಳು ಮೂರು ಮೆಟ್ಟಿಲು ಒಂದೇ ಸಲ ಹಾರಿ ಬಂದಳು. "ಅಜ್ಜಿ, ಬಂತು!"

"ಬರದೆ ಏನು? ದ್ರಾಕ್ಷಿ ಅದು. ಚಿಕ್ಕ ಮಗುವಿನ ಕೈ. ದೊಡ್ಡವರು ಬೆರಳು ಇಷ್ಟು ಅಗಲಿಸಿ ಊರಲ್ಲ. ಪೆನ್ನು ತಗೊಂಬಾ. ಸುಮ್ಮನೆ ಬಾಯಿ ಬಿಟ್ಕೊಂಡು ನಿಂತ್ರೆ ಯಾರು ಬರೀತಾರೆ?"

ಪೆನ್ನು ಬಂತು. ಅತ್ತೆ ಹೇಳುತ್ತ ಹೋದರು, ಮಗಳು ಬರೆಯುತ್ತ ಹೋದಳು. ಆ ರಾತ್ರಿ ಹನ್ನೆರಡು ಕಲೆಗಳನ್ನೂ ಒಂದೊಂದಾಗಿ ಮೂಸಿ, ತಿಕ್ಕಿ, ಬೆಳಕಿಗೆ ಹಿಡಿದಿದ್ದ ಅತ್ತೆಗೆ ಎಲ್ಲವೂ ಬಾಯಿಪಾಠವಾಗಿತ್ತು. ಎಣ್ಣೆ ಯಾವುದು, ಅದಕ್ಕೆ ಮೀನಿನ ವಾಸನೆ ಎಷ್ಟಿತ್ತು. ಇದ್ದಿಲು ಯಾವುದು, ಅದನ್ನು ಒರೆಸಿದ್ದು ಕೈಯೋ ತೋಳೋ. ಯಾವುದಕ್ಕೆ ಸ್ಪಿರಿಟ್ ಸಾಕಾಯಿತು, ಯಾವುದು ನಡುರಾತ್ರಿ ಕಳೆದರೂ ಹಟ ಮಾಡಿತು.

"ಇಷ್ಟೆಲ್ಲ ನಮಗೂ ಗೊತ್ತಿರಲಿಲ್ಲ ಅಜ್ಜಿ. ಫೋಟೋದಲ್ಲಿ ಬರೀ ಮಚ್ಚೆ ಥರ ಕಾಣುತ್ತೆ."

"ಫೋಟೋಗೆ ಮೂಗಿದೆಯಾ?"

ಮಗಳು ನಕ್ಕಳು. ಹನ್ನೆರಡು ದಿನದ ಮೇಲೆ ಆ ಮನೆಯಲ್ಲಿ ಆ ನಗು ಕೇಳಿಸಿದ್ದು. ಆಕೆ ಇಸ್ತ್ರಿ ಒತ್ತುತ್ತಲೇ ಕಿವಿಯನ್ನು ಪೂರ್ತಿ ಅವರಿಬ್ಬರಿಗೆ ಕೊಟ್ಟಿದ್ದಳು. ಕೈ ಮಾತ್ರ ಕೆಳಗಿನ ಬಲಮೂಲೆಯಲ್ಲಿತ್ತು. ಅಲ್ಲಿ ಚಹಾ ಬರಬೇಕು, ಸಕ್ಕರೆ ಹಾಕಿದ ಚಹಾ, ಬಂದೇ ಬರುತ್ತದೆ ಎಂದಿದ್ದರು ಅತ್ತೆ. ಮೂರು ಸಲ ಒತ್ತಿದರೂ ಬಂದಿರಲಿಲ್ಲ. ಆಕೆ ಕಾವನ್ನು ಇನ್ನೊಂದು ಸುತ್ತು ಏರಿಸಿ ಪೆಟ್ಟಿಗೆಯ ಹಿಮ್ಮಡಿಯನ್ನು ಅಲ್ಲೇ ಊರಿ ಹಿಡಿದಿದ್ದಳು.

"ನನ್ನ ಮೇಲೆ ಇನ್ನೂ ಸಿಟ್ಟಾ?" ಎಂದು ಅತ್ತೆ ಕೇಳುತ್ತಿದ್ದರು.

"ಅರ್ಧ," ಎಂದಳು ಮಗಳು.

"ಉಳಿದರ್ಧ?"

"ನನ್ನ ಮೇಲೇ."

ಮೂಗಿಗೆ ಸುಟ್ಟ ವಾಸನೆ ತಟ್ಟಿದಾಗ ಆಕೆ ಪೆಟ್ಟಿಗೆಯನ್ನು ಸರಕ್ಕನೆ ಎತ್ತಿದಳು. ತಡವಾಗಿತ್ತು. ಅಂಗೈಯಷ್ಟು ಅಗಲದ ಕಂದು ಬಣ್ಣ, ಒಂದು ಕಡೆ ದುಂಡು. ಇಪ್ಪತ್ತು ವರ್ಷದಲ್ಲಿ ಆಕೆ ಒಂದು ಅಂಗಿಯನ್ನೂ ಸುಟ್ಟವಳಲ್ಲ. "ಅತ್ತೆ..." ಎಂದಳು.

ಅತ್ತೆ ಬಂದು ಬಗ್ಗಿದರು. ಹೆಬ್ಬೆರಳಿಗೆ ಎಂಜಲು ಹಚ್ಚಿ ಆ ಗುರುತನ್ನು ಒಮ್ಮೆ ಉಜ್ಜಿದರು. ಬೆರಳನ್ನು ಮೂಗಿಗೆ ಹಿಡಿದರು. ಮೊಮ್ಮಗಳ ಕಡೆ ಒಂದು ಸಲ ನೋಡಿದರು. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು.

"ಚಹಾ," ಎಂದರು. "ಬಂತು. ಬರೆದುಕೋ."

ಮಗಳು ಬರೆದುಕೊಂಡಳು. ಬಂದವು ಐದು, ಬಾರದವು ಏಳು. ಆಕೆ ಪೆಟ್ಟಿಗೆಯ ತಂತಿ ಕಿತ್ತು ಸುತ್ತುತ್ತ ಅತ್ತೆಯ ಮುಖವನ್ನೇ ನೋಡಿದಳು. ಅತ್ತೆ ಮೇಲಿನ ಹಲಗೆಯಿಂದ ಮೇಜುಬಟ್ಟೆಗಳನ್ನು ಇಳಿಸಿಕೊಳ್ಳುತ್ತಿದ್ದರು. "ಆ ಹೋಟೆಲಿನವನು ನಾಳೆ ಬೆಳಿಗ್ಗೇನೇ ಬರ್ತಾನೆ," ಎಂದಷ್ಟೇ ಹೇಳಿದರು.

ಅಲ್ಲಿಂದ ಮುಂದೆ ಮನೆಯಲ್ಲಿ ಕೆಲಸಕ್ಕೆ ಚುರುಕು ಬಂತು. ಗುಂಪಿನ ಮಕ್ಕಳು ಲಾಂಡ್ರಿಗೇ ಬಂದು ಹೊಲಿಗೆಯ ಇನ್ನೊಂದು ಬದಿಗೆ ತಮ್ಮ ಹನ್ನೆರಡು ಕಲೆ ಹಾಕಿದರು. ಅತ್ತೆ ಕುರ್ಚಿ ಹಾಕಿಕೊಂಡು ಕೂತು, "ಇಷ್ಟು ತೆಳ್ಳಗೆ ಹಾಕಿದ್ರೆ ಕಣ್ಣುಮುಚ್ಚಿ ತೆಗೀತೀನಿ ನಾನು, ಗಟ್ಟಿಯಾಗಿ ಹಾಕ್ರೋ," ಎಂದು ಗದರಿದರು. ಮರುಭೇಟಿಯ ವಿಷಯದಲ್ಲಿ ಮುಖ ಮುರಿದಿದ್ದ ಹುಡುಗನೇ ಮೂರು ಸಲ ಬಂದು, ಗ್ರೀಸು ಹತ್ತಿಸುವ ಬಗೆ ಕೇಳಿಕೊಂಡು ಹೋದ. ಗಂಡ ವ್ಯಾನಿನಲ್ಲಿ ಬಿದಿರಿನ ಕೋಲು, ಹಗ್ಗ, ಏಣಿ ಸಾಗಿಸಿದ. "ಲಾಂಡ್ರಿ ಹಗ್ಗದಲ್ಲೇ ತೂಗುಹಾಕಿ. ಕ್ಲಿಪ್ಪು ನಮ್ಮದೇ," ಎಂದು ತಾನೇ ಸಲಹೆಯನ್ನೂ ಕೊಟ್ಟ. ಮೇಷ್ಟ್ರು ಒಪ್ಪಿದರು.

ಪ್ರದರ್ಶನದ ದಿನ ಭವನ ಕಿಕ್ಕಿರಿದಿತ್ತು. ಹೊಸ ಸುಣ್ಣದ ವಾಸನೆ, ಕಿತ್ತಳೆ ಹಣ್ಣಿನ ತಟ್ಟೆಗಳು, ಕಾಗದದ ಲೋಟಗಳು. ಬಂದರು ಪಟ್ಟಣದ ಹನ್ನೆರಡು ಮಂದಿ ಒಂದೇ ಗುಂಪಾಗಿ ಬಂದು ಬಟ್ಟೆಯ ಮುಂದೆ ನಿಂತರು. ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಮಗಳು ಮುಂದೆ ಬಂದಳು. ಪಕ್ಕದಲ್ಲಿ ಅವರ ಭಾಷೆಗೆ ತಿರುಗಿಸಿ ಹೇಳುವ ಯುವಕ. ಕೈಯಲ್ಲಿ ಕಾಗದವಿದ್ದರೂ ನೋಡಲಿಲ್ಲ.

"ನಿಮ್ಮ ಬಟ್ಟೆನ ನಮ್ಮನೇಲಿ ಒಗೆದುಬಿಟ್ವಿ," ಎಂದಳು. "ನಮ್ಮದು ಲಾಂಡ್ರಿ. ಕಷ್ಟದ ಬಟ್ಟೆ ಇಡೋ ಜಾಗದಲ್ಲಿ ಹೇಳದೆ ಕೇಳದೆ ಇಟ್ಟಿದ್ದು ನಾನು. ಒಗೆದಿದ್ದು ನಮ್ಮಜ್ಜಿ. ಐದು ಕಲೆ ವಾಪಸ್ ಬಂದಿವೆ, ಏಳು ಬಂದಿಲ್ಲ. ಏಳೂ ಹೇಗಿದ್ವು ಅಂತ ಅಜ್ಜಿ ಹೇಳಿದ್ದನ್ನ ಇಲ್ಲಿ ಬರೆದು ಹಾಕಿದ್ದೀವಿ. ತಪ್ಪಾಯ್ತು."

ಯುವಕ ಅದನ್ನು ತಿರುಗಿಸಿ ಹೇಳಿದ. ಆಮೇಲೆ ಗುಂಗುರು ಕೂದಲಿನ ಹುಡುಗನೊಬ್ಬ ಸಿಟ್ಟಿನಿಂದ ಏನೋ ಅಂದ.

"ನನ್ನ ಶಾಯಿ ಎಲ್ಲಿ ಅಂತ ಕೇಳ್ತಿದ್ದಾನೆ," ಎಂದ ಯುವಕ. "ಯಾರನ್ನ ಕೇಳಿ ಒಗೆದ್ರಿ ಅಂತಾನೂ."

ಅತ್ತೆ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಆಕೆ ತಡೆಯಲು ಸೆರಗು ಹಿಡಿದಳು, ಸೆರಗು ಕೈಯಿಂದ ಜಾರಿತು.

"ಯಾರನ್ನೂ ಕೇಳಲಿಲ್ಲ ಮಗಾ. ಕೇಳ್ಬೇಕಿತ್ತು," ಎಂದರು ಅತ್ತೆ. "ಹಸಿರು ಶಾಯಿ ಅಲ್ವಾ? ಪೆನ್ನು ಸೋರ್ತಿತ್ತು. ಕೈ ಒರೆಸಿದ ಗುರುತು ನೋಡಿ ಅಂದುಕೊಂಡೆ, ಇವನು ಎಡಗೈಲಿ ಬರೆಯೋನು ಅಂತ. ಆ ಹನ್ನೆರಡರಲ್ಲಿ ನನಗೆ ಅತಿ ಹೆಚ್ಚು ಹೊತ್ತು ಹಿಡಿಸಿದವನು ನೀನೇ."

ಯುವಕ ಹೇಳಿ ಮುಗಿಸುವ ಮೊದಲೇ ಅವನ ಗೆಳೆಯರು ಕಿರುಚಿ ನಗತೊಡಗಿದರು. ಒಬ್ಬ ಅವನ ಎಡಗೈಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಹುಡುಗ ಕೈ ಕೊಸರಿಕೊಂಡ. ನಗಲಿಲ್ಲ. ಆದರೆ ಹೋಗಿ ಗೋಡೆಯ ಪಟ್ಟಿಯಲ್ಲಿ ತನ್ನ ಸಾಲು ಎಲ್ಲಿದೆಯೆಂದು ಹುಡುಕಿಸಿದ, ಓದಿಸಿಕೊಂಡ, ಮತ್ತೊಂದು ಸಲ ಓದಿಸಿಕೊಂಡ. ಅವರನ್ನು ಕರೆತಂದಿದ್ದ ಹಿರಿಯ ಹೆಂಗಸು ಮೇಷ್ಟ್ರ ಕೈ ಕುಲುಕಿ ಮಗಳ ಕಡೆ ತೋರಿಸುತ್ತ ಮಾತಾಡಿದಳು. ಯುವಕ ದೂರದಿಂದಲೇ ಕೂಗಿ ಹೇಳಿದ, "ಬೇಸಿಗೆಯಲ್ಲಿ ಬರಲೇಬೇಕಂತೆ. ಅಜ್ಜಿಯನ್ನೂ ಕರ್ಕೊಂಡು ಬರಬೇಕಂತೆ. ತಮ್ಮ ಬಟ್ಟೆಗಳನ್ನೆಲ್ಲ ಬಚ್ಚಿಡ್ತಾರಂತೆ!"

ಗಂಡ ಗಟ್ಟಿಯಾಗಿ ನಕ್ಕ. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತಳು. ಮೂರು ವಾರದಿಂದ ಬಿಗಿದಿದ್ದ ಆಕೆಯ ಭುಜ ಒಮ್ಮೆಲೇ ಸಡಿಲವಾಯಿತು. ಆಗಲೇ ಬಟ್ಟೆಯ ಕೆಳಗಿನ ಬಲಮೂಲೆಯ ಹತ್ತಿರ ಯಾರೋ ಮಂಡಿಯೂರಿ ಕೂತಿದ್ದು ಕಂಡಿತು.

ಎತ್ತರದ, ತೆಳ್ಳನೆಯ ಹುಡುಗಿ. ಕಂದು ಗುರುತಿನ ಸುತ್ತ ಬೆರಳಾಡಿಸುತ್ತಿದ್ದಳು, ಮುಟ್ಟದೆ. ಕಣ್ಣು ತುಂಬಿತ್ತು. ಆಕೆಯನ್ನು ಕಂಡದ್ದೇ ಎದ್ದು ಬಂದು ಕೈ ಹಿಡಿದುಕೊಂಡು ಒಂದೇ ಸಮನೆ ಮಾತಾಡಿದಳು. ಯುವಕ ಓಡಿ ಬಂದ.

"ಇದು ಅವಳದಂತೆ. ಅವಳಪ್ಪನಿಗೆ ಬಂದರಿನಲ್ಲಿ ಚಹಾ ಅಂಗಡಿ ಇತ್ತಂತೆ, ಮೊನ್ನೆ ಚಳಿಗಾಲದಲ್ಲಿ ಮುಚ್ಚಿದ್ರಂತೆ. ಕೊನೆಯ ದಿನದ ಕೊನೆಯ ಚಹಾ. ಒಗೆದ್ವಿ ಅಂದಾಗ ಇದು ಹೋಗಿರುತ್ತೆ ಅಂದುಕೊಂಡಳಂತೆ. ಎಲ್ಲಕ್ಕಿಂತ ಗಟ್ಟಿಯಾಗಿ ಇದೇ ವಾಪಸ್ ಬಂದಿದೆ ಅಂತ ಅಪ್ಪನಿಗೆ ಫೋಟೋ ಕಳಿಸಿದಳಂತೆ. ನೀವೇ ಇಸ್ತ್ರಿ ಹಾಕಿದ್ದು ಅಂತ ನಿಮ್ಮ ಮಗಳು ಹೇಳಿದಳು."

ಹುಡುಗಿಯ ಕೈಯಲ್ಲಿ ಫೋನು ಕಿಣಿಯೆಂದಿತು. ಅವಳು ನೋಡಿ ನಕ್ಕು ಪರದೆಯನ್ನು ತಿರುಗಿಸಿ ತೋರಿಸಿದಳು. ಬಿಳಿ ಮೀಸೆಯ ಒಬ್ಬ ಗಂಡಸು ಖಾಲಿ ಲೋಟವೊಂದನ್ನು ಎತ್ತಿ ಹಿಡಿದಿದ್ದ.

"ನಾನು..." ಎಂದಳು ಆಕೆ. ಯುವಕ ತಿರುಗಿಸಿ ಹೇಳಲು ಬಾಯಿ ತೆರೆದು ಕಾಯ್ದ.

ಮೂರು ಹೆಜ್ಜೆಯಾಚೆ ಮಗಳು ಯಾರಿಗೋ ಪಟ್ಟಿ ಓದಿ ಹೇಳುತ್ತಿದ್ದಳು, ಒಂದಕ್ಷರ ಬಿಡದೆ. ಅವಳ ಪಕ್ಕದಲ್ಲಿ ಅತ್ತೆ ಕಿತ್ತಳೆ ಸುಲಿಯುತ್ತಿದ್ದರು. ತಲೆಯೆತ್ತಿ ಸೊಸೆಯನ್ನು ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಕಿತ್ತಳೆಯ ಬಿಳಿ ನಾರನ್ನು ಒಂದೊಂದಾಗಿ ಬಿಡಿಸತೊಡಗಿದರು.

"ಏನು ಹೇಳಲಿ?" ಎಂದು ಯುವಕ ಕೇಳಿದ.

"ಅವರಪ್ಪ ಕ್ಷೇಮವಾಗಿದ್ದಾರಾ ಕೇಳಪ್ಪ," ಎಂದಳು ಆಕೆ.

ಮನೆಗೆ ಹೊರಟಾಗ ವ್ಯಾನಿನಲ್ಲಿ ಮುಂದೆ ಗಂಡ, ಅತ್ತೆ. ಹಿಂದೆ ಖಾಲಿ ಬುಟ್ಟಿಗಳ ನಡುವೆ ತಾಯಿ, ಮಗಳು.

"ಆ ಚಹಾದವಳು ನಿನ್ನ ಹತ್ರ ಅಷ್ಟು ಹೊತ್ತು ಏನಮ್ಮ ಮಾತಾಡಿದ್ದು?"

"ಅವಳಪ್ಪನ ವಿಷಯ."

"ಅಷ್ಟೇನಾ? ಅತ್ತಳಲ್ಲ."

ಎಲ್ಲ ಒಪ್ಪಿಸಿ ನಿರಾಳವಾದ ಮಗಳ ಮುಖವನ್ನು ಆಕೆ ನೋಡಿದಳು. ಮುಂದಿನ ಸೀಟಿನಲ್ಲಿ ಅತ್ತೆಯ ತಲೆ ಕಿಟಕಿಗೆ ಒರಗಿತ್ತು, ನಿದ್ದೆಯೋ ನಿದ್ದೆಯ ನಟನೆಯೋ ತಿಳಿಯಲಿಲ್ಲ. ಆ ಸುಟ್ಟ ಗುರುತಿನ ಮಾತು ಮಗಳಿಗಂತೂ ಇಲ್ಲ. ಗಂಡನಿಗೂ ಇಲ್ಲ. ಅತ್ತೆಯನ್ನೂ ಎಂದೂ ಕೇಳಬಾರದು.

"ಅಷ್ಟೇ," ಎಂದಳು ಆಕೆ. ಜಾರುತ್ತಿದ್ದ ಬುಟ್ಟಿಯನ್ನು ಕಾಲಿನಿಂದ ಒತ್ತಿ ಹಿಡಿದಳು.